ಬಿಟ್ಟುಹೋದ ಒಂದು ‘ಇಲ್ಲ’

ತೆಲುಗು ನಾಡಿನ ಮಲ್ಕಾಜ್‌ಗಿರಿಯಲ್ಲಿ ನಮ್ಮ ಪಕ್ಕದ ಮನೆಯ ಕನ್ನಡಿಗರೊಬ್ಬರು ಹೈಕೋರ್ಟಿನಲ್ಲಿ ಅನುವಾದಕರಾಗಿದ್ದರು. ಕೆಳಕೋರ್ಟಿನ ಸಾಕ್ಷಿಗಳು ತೆಲುಗಿನಲ್ಲಿ ಹೇಳಿದ್ದನ್ನು ಅಪೀಲಿಗಾಗಿ ಇಂಗ್ಲಿಷಿಗೆ ತರುವುದು ಅವರ ಕೆಲಸ. “ಅಪೀಲಿನ ಜಡ್ಜರು ಸಾಕ್ಷಿ ಮುಖ ನೋಡಂಗಿಲ್ಲರಿ, ನನ್ನ ಕಾಗದ ಅಷ್ಟ ನೋಡ್ತಾರ” ಎನ್ನುತ್ತ ಶಾಯಿ ಅಂಟಿದ ಬೆರಳು ಒರೆಸಿಕೊಳ್ಳುತ್ತಿದ್ದರು.

ಒಂದು ಸಂಜೆ ನಮ್ಮ ಮನೆಗೆ ಬಂದರು. ಜೀವಾವಧಿ ಶಿಕ್ಷೆಯಾದವನೊಬ್ಬನ ಅಪೀಲಿನಲ್ಲಿ, ಸಾಕ್ಷಿ “ಗುರುತು ಸಿಗಲಿಲ್ಲ” ಎಂದದ್ದನ್ನು ಅವರು “ಗುರುತು ಸಿಕ್ಕಿತು” ಎಂದು ಬರೆದುಬಿಟ್ಟಿದ್ದರು; ಅದು ಆ ದಿನವಷ್ಟೇ ಅವರ ಕಣ್ಣಿಗೆ ಬಿದ್ದಿತ್ತು. ವಿಚಾರಣೆ ಮರುದಿನವೇ ಇತ್ತು.

“ಹೇಳಿದ್ರ ನೌಕರಿ ಹೋಗ್ತೈತಿ. ಹೇಳದಿದ್ರ ಅಂವ ಜೈಲಿನ್ಯಾಗ ಸಾಯ್ತಾನ.”

ಬೆಳಿಗ್ಗೆ ಕೋರ್ಟಿಗೆ ಹೋಗಿ ತಪ್ಪನ್ನು ಹೇಳಿದರು. ಮೇಲಧಿಕಾರಿಗಳು ಅವರಿಗೆ ಎಚ್ಚರಿಕೆ ಕೊಟ್ಟು ಬಿಟ್ಟರು. ತಿದ್ದಿದ ಪುಟ ಓದಿದ ನ್ಯಾಯಾಧೀಶರು ಆತನನ್ನು ಬಿಡುಗಡೆ ಮಾಡಿದರು. ನಾನು ಅಭಿನಂದಿಸಿದಾಗ ಅವರು ಬಾಗಿಲ ಚೌಕಟ್ಟು ಹಿಡಿದು ನಿಂತರು.

“ಇದೊಂದು ಕಣ್ಣಿಗೆ ಬಿತ್ತು. ಇಪ್ಪತ್ತು ವರ್ಷದಾಗ ಬೀಳದವು ಎಷ್ಟು ಅದಾವೋ?”