ಫರ್ಸಿಕಲ್ಲಿನ ಓಲೆ

ಶಹಾಪುರದ ನಮ್ಮ ಮನೆಯ ಹಿತ್ತಲಲ್ಲಿ ಮೋಟಾರಿನ ಡಬ್ಬಿ ಗರಗರ ತಿರುಗತೊಡಗಿದ ಮೊದಲ ವಾರವೇ ಪಕ್ಕದ ಮನೆಯಾಕೆ ಬುಟ್ಟಿ ತುಂಬ ಜೋಳ ಹೊತ್ತುಕೊಂಡು ಬಂದಳು.

"ಗಿರಣಿ ಹಾಕೀರಿ, ಒಂದು ಮಾತು ಹೇಳೇ ಇಲ್ಲಲ್ರಿ!"

ಒಳಗೆ ತಿರುಗುತ್ತಿರುವುದು ಕಲ್ಲು ಎಂದೆ. "ಕಲ್ಲು ಬೀಸಿ ಏನು ರೊಟ್ಟಿ ಬಡಿತೀರೇನ್ರಿ?" ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಮೊದಲೇ ನನ್ನ ಸಿಟ್ಟು ಮೂಗಿನ ತುದಿಯಲ್ಲಿರುತ್ತದೆ.

ನಾನು ಮಾಡುವುದು ಫರ್ಸಿಕಲ್ಲಿನ ಓಲೆ, ಪದಕ. ನಮ್ಮ ಕಡೆ ನೆಲಕ್ಕೆ ಹಾಸುತ್ತಾರಲ್ಲ, ಅದೇ ಬೂದುಗಪ್ಪು ಕಲ್ಲು. ಕೊಯ್ದಾಗ ಉಳಿದು ಬಿಸಾಡಿದ ತೆಳ್ಳನೆಯ ಚೂರು ಆರಿಸಿ ತಂದು, ಉಗುರಿನಷ್ಟು ಬಿಲ್ಲೆಗಳನ್ನು ಕತ್ತರಿಸಿ, ನೀರು ಮತ್ತು ಉಜ್ಜುವ ಪುಡಿಯ ಜೊತೆ ಡಬ್ಬಿಗೆ ತುಂಬುತ್ತೇನೆ. ಹಳೆಯ ವಾಷಿಂಗ್ ಮಷಿನ್ನಿನ ಮೋಟಾರು ಅದನ್ನು ಹಗಲೂ ರಾತ್ರಿ ಉರುಳಿಸುತ್ತದೆ. ಕಲ್ಲಿಗೆ ಕಲ್ಲು ತಿಕ್ಕಿ ಮೊದಲು ಮೂಲೆಗಳು ಸವೆಯುತ್ತವೆ. ಇನ್ನೂ ಸಣ್ಣ ಪುಡಿ ಹಾಕಿದಂತೆಲ್ಲ ಮೈ ನುಣುಪಾಗುತ್ತದೆ. ಕೊನೆಗೆ ಪಾಲಿಶಿನ ಬಿಳಿ ಪುಡಿ ಹಾಕಿದರೆ ಹೊಳಪು. ಅವಸರ ಮಾಡಿದರೆ ಕೆಟ್ಟಿತು. ದೇವರು ನನ್ನಂಥವಳಿಗೆ ಹುಡುಕಿ ಹುಡುಕಿ ಇಂಥ ಕಸುಬು ಕೊಟ್ಟಿದ್ದಾನೆ!

ಅಪ್ಪ ತೀರಿಕೊಂಡ ಮೇಲೆ ಅವ್ವ ಸುರಪುರದ ಕಡೆಯ ನಮ್ಮ ಹಳ್ಳಿಯಿಂದ ನನ್ನ ಹತ್ತಿರ ಬಂದಳು. ಬಂದಾಗ ಅವಳ ಕಿವಿಗಳು ಬರಿದಾಗಿದ್ದವು. ಬೆಂಡೋಲಿ ತೆಗೆ ಎಂದು ಯಾರೂ ಹೇಳಿರಲಿಲ್ಲ. ಊರಲ್ಲಿದ್ದಾಗಲೇ ತಾನಾಗಿ ಬಿಚ್ಚಿ ನನ್ನ ಅಂಗೈಗೆ ಹಾಕಿದ್ದಳು. "ನೋಡಾಂವನ ಹೋದ. ಇನ್ನ ಯಾರಿಗಂತ ಇಟ್ಕೊಳ್ಳಲಿ?"

ತೂತಿಗೆ ಬೇವಿನ ಕಡ್ಡಿಯನ್ನಾದರೂ ಇಟ್ಟುಕೋ, ಮುಚ್ಚಿಹೋಗುತ್ತವೆ ಎಂದು ಬೆನ್ನು ಹತ್ತಿದೆ. "ಮುಚ್ಚಲಿ ಬಿಡು" ಎಂದಳು. ಆ ಸಿಟ್ಟನ್ನು ಅಡುಗೆಮನೆಯ ಪಾತ್ರೆಗಳ ಮೇಲೆ ತೀರಿಸಿಕೊಂಡೆ. ನಿಜ ಹೇಳಬೇಕೆಂದರೆ ಅದು ಸಿಟ್ಟಲ್ಲ, ಹೆದರಿಕೆ. ಆ ತೂತು ಮುಚ್ಚಿದರೆ ಅವ್ವ ಇನ್ನು ತನಗೆಂದು ಏನನ್ನೂ ಬೇಕೆನ್ನುವುದಿಲ್ಲ ಎನಿಸಿತ್ತು.

ಹೊತ್ತು ಹೋಗದೆ ಅವಳೇ ಕಲ್ಲು ತೊಳೆಯುವ ಕೆಲಸ ಹಿಡಿದಳು. ಒಂದು ಪುಡಿಯಿಂದ ಇನ್ನೊಂದಕ್ಕೆ ಹೋಗುವ ಮುಂಚೆ ರಾಡಿಯೆಲ್ಲ ಹೋಗುವಂತೆ ತೊಳೆಯಬೇಕು. ಹಳೆಯ ಪುಡಿ ಸ್ವಲ್ಪ ಉಳಿದರೂ ಬಿಲ್ಲೆಗಳ ಮೇಲೆ ಗೀರು ಬೀಳುತ್ತದೆ. ಅವ್ವ ಅಕ್ಕಿ ತೊಳೆದಂತೆ ತೊಳೆದು, ಒಂದೊಂದನ್ನೂ ಕೆನ್ನೆಗೆ ಒತ್ತಿ ನೋಡುತ್ತಿದ್ದಳು. "ಇದಕ್ಕ ಇನ್ನಾ ಸೊಕ್ಕೈತಿ. ಇದು ನೋಡು, ಶಾಣ್ಯಾ ಆಗೇತಿ." ಸೊಕ್ಕಿನದನ್ನು ತೋರಿಸುವಾಗ ನನ್ನ ಮುಖವನ್ನೇ ನೋಡುತ್ತಿದ್ದಳು.

ಒಂದು ಮಧ್ಯಾಹ್ನ ಪಾಲಿಶಿಗೆ ತುಂಬುವಾಗ ಬುಟ್ಟಿಯ ಪಕ್ಕದಲ್ಲಿ ಎರಡು ಬಿಲ್ಲೆ ಬೇರೆಯಾಗಿ ಬಿದ್ದಿದ್ದವು. ಮರೆತಿದ್ದಾಳೆಂದು ಎತ್ತಿ ಡಬ್ಬಿಗೆ ಹಾಕಿದೆ.

"ಅವನ್ಯಾಕ ಹಾಕಿದಿ? ತಗೀ!" ಎಂದು ಅವ್ವ ಜೋರು ಮಾಡಿದಳು. ಅಪ್ಪ ಹೋದ ಮೇಲೆ ಆ ಜೋರು ದನಿ ಕೇಳಿಯೇ ಇರಲಿಲ್ಲ.

"ಪಾಲಿಶ್ ಆಗಬೇಕಲ್ಲವ್ವಾ."

"ಬ್ಯಾಡ. ಮಿಂಚಿದ್ರ ಮಂದಿ ನೋಡ್ತಾರ." ಆಮೇಲೆ ದನಿ ತಗ್ಗಿಸಿದಳು. "ಅವು ನನಗ ಇರಲಿ."

ಡಬ್ಬಿಯನ್ನು ಅಗಲ ಬಾಯಿಯ ಪರಾತದಲ್ಲಿ ಸುರಿದೆ. ಎಲ್ಲವೂ ಒಂದೇ ಥರ ಕಾಣುತ್ತಿದ್ದವು. ಅವ್ವ ಒಂದೊಂದಾಗಿ ಕೆನ್ನೆಗೆ ಒತ್ತಿಕೊಳ್ಳುತ್ತ ತನ್ನವೆರಡನ್ನು ಹುಡುಕಿ ತೆಗೆದಳು. ಅವೇ ಹೌದೋ ಅಲ್ಲವೋ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಬೆಳ್ಳಿಯ ಕೊಕ್ಕೆ ಹಾಕಿ ಅವತ್ತೇ ಓಲೆ ಮಾಡಿಕೊಟ್ಟೆ. ಬಲಗಿವಿಗೆ ಸಲೀಸಾಗಿ ಹೋಯಿತು. ಎಡಗಿವಿಯ ತೂತು ಮುಚ್ಚಿತ್ತು. ನಾ ಹೇಳಿರಲಿಲ್ಲವೇ ಎನ್ನುವ ಮಾತು ನಾಲಿಗೆಯ ತುದಿಗೆ ಬಂತು, ನುಂಗಿದೆ. ಉಳಿದ ಓಲೆಯನ್ನು ಅವ್ವ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಆಮೇಲೆ ಎದ್ದು ಚಪ್ಪಲಿ ಮೆಟ್ಟಿದಳು. "ನಡಿ, ಪತ್ತಾರನ ಅಂಗಡಿಗೆ."

ಆ ಅಂಗಡಿಯ ಪತ್ತಾರರು ಬಂಗಾರದ ಕೆಲಸದ ಜೊತೆ ಓಣಿಯ ಮಕ್ಕಳಿಗೆಲ್ಲ ಕಿವಿ ಚುಚ್ಚುವವರು. "ಕಿವಿ ಚುಚ್ಚಬೇಕಿತ್ರಿ" ಎಂದೆ. ಅವರು ತಂತಿ ತೆಗೆದುಕೊಂಡು ನನ್ನ ಬಗಲು ನೋಡಿದರು, ಬೆನ್ನ ಹಿಂದೆ ನೋಡಿದರು.

"ಕೂಸೆಲ್ಲೈತ್ರಿ?"

ಅವ್ವ ಸೆರಗು ಸರಿಸಿ, ಎಡಗಿವಿ ಮುಂದೆ ಮಾಡಿ, ಅವರೆದುರಿನ ಮಣೆಯ ಮೇಲೆ ಕುಳಿತಳು.

"ನಾನ ಕೂಸು. ಚುಚ್ರಿ."

ಪತ್ತಾರರು ನಗಲಿಲ್ಲ. "ಹಂಗಾರ ತಲಿ ಗಟ್ಟಿ ಹಿಡೀರೆವ್ವಾ, ಕೂಸು ಅಲಗಾಡಬಾರದು" ಎಂದು ನನಗೆ ಹೇಳಿದರು. ನಾನು ಅವ್ವನ ನರೆತ ತಲೆಯನ್ನು ಹೊಟ್ಟೆಗೆ ಅವುಚಿ ಹಿಡಿದುಕೊಂಡೆ.