ಅಣ್ಣನ ಕುತ್ತಿಗೆಯ ಸೋನೋಗ್ರಫಿ

ಡಾಕ್ಟರ್ ಹೇಳಿದ್ದನ್ನು ನಾನು ಅಣ್ಣನಿಗೆ ಪೂರ್ತಿ ಹೇಳಲಿಲ್ಲ. ಓದಿದ್ದು ಐದನೆಯ ತರಗತಿ, ಅರ್ಥವಾಗಲಿಲ್ಲ ಎಂದು ಎಷ್ಟೋ ಜನರೆದುರು ಜಾರಿಕೊಂಡಿದ್ದೇನೆ. ಅದು ಸುಳ್ಳು. ಚೆನ್ನಾಗಿಯೇ ಅರ್ಥವಾಗಿತ್ತು.

ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ನಮ್ಮದೊಂದು ಸಣ್ಣ ಹೋಟೆಲು. ದೋಸೆ ಕಾವಲಿಯ ಮುಂದೆ ಅಣ್ಣ, ಗಲ್ಲಾಪೆಟ್ಟಿಗೆಯ ಹಿಂದೆ ನಾನು. ಒಂದು ಬೆಳಿಗ್ಗೆ ಅವನ ಬಲಗೈಯಿಂದ ಸೌಟು ಜಾರಿತು, ಮಾತು ತೊದಲಿತು. ಹತ್ತು ನಿಮಿಷದಲ್ಲಿ ಎಲ್ಲ ಸರಿಹೋಯಿತು. ಗ್ಯಾಸ್ ಎಂದು ಅವನು ಸೋಡಾ ಕುಡಿದ. ನಮ್ಮ ಡಾಕ್ಟರ್ ಮಾತ್ರ ಕುತ್ತಿಗೆಯ ರಕ್ತನಾಳದ ಸೋನೋಗ್ರಫಿ ಮಾಡಿಸಲೇಬೇಕು ಎಂದರು.

ಅದಕ್ಕಾಗಿ ಪಕ್ಕದ ಠಾಣೆ ಪಟ್ಟಣಕ್ಕೆ ಮೂರು ಸಲ ಅಲೆದೆವು. ಮೊದಲ ದಿನ ಯಂತ್ರ ಕೆಟ್ಟಿತ್ತು. ಎರಡನೆಯ ದಿನ ಯಂತ್ರ ಸರಿಯಿತ್ತು, ನೋಡುವ ಡಾಕ್ಟರ್ ಇರಲಿಲ್ಲ. ಮೂರನೆಯ ದಿನ ಅಣ್ಣನೇ ಬರಲೊಲ್ಲೆನೆಂದು ಹಟ ಹಿಡಿದ. ಎಳೆದುಕೊಂಡು ಹೋಗಿ ಲೋಕಲ್ ರೈಲು ಹತ್ತಿಸಿದೆ. ಮಲಗಿಸಿ ಕುತ್ತಿಗೆಗೆ ಜೆಲ್ ಹಚ್ಚಿದರೆ, “ಇಷ್ಟು ಬೆಣ್ಣೆ ನಾನು ದೋಸೆಗೂ ಹಾಕುದಿಲ್ಲ ಮಾರಾಯ” ಎಂದ.

ಅವನು ಕುತ್ತಿಗೆ ಒರೆಸಿಕೊಂಡು ಹೊರಗೆ ಹೋದ ಮೇಲೆ ಡಾಕ್ಟರ್ ಹಿಂದಿಯಲ್ಲಿ ವಿವರಿಸಿದರು. ಎಡಗಡೆಯ ನಾಳದಲ್ಲಿ ಕೊಬ್ಬು ಕಟ್ಟಿದೆ, ಅಡ್ಡಿ ಅರ್ಧಕ್ಕಿಂತ ಕಡಿಮೆಯೇ. ಆದರೆ ಪರದೆಯ ಮೇಲೆ ಬೆಳ್ಳಗೆ ಕಾಣುವುದು ಗಟ್ಟಿ. ಕಪ್ಪಗಿರುವುದು ಮೆತ್ತಗಿನದು; ಇವರದು ಕಪ್ಪಗಿನದೇ, ಅದರ ಮೇಲ್ಮೈಯೂ ಒಡೆದಿದೆ, ಚೂರು ಕಿತ್ತು ಮಿದುಳಿಗೆ ಹೋಗಬಹುದು. ಇವತ್ತೇ ದೊಡ್ಡ ಆಸ್ಪತ್ರೆಗೆ ಹೋಗಿ ಎಂದರು. ಕಾವಲಿ ಉಜ್ಜಿ ಬೆಳೆದ ನನಗೆ ಇದು ತಿಳಿಯದೇ? ಹಳೆಯ ಕರಕಲು ಕದಲುವುದಿಲ್ಲ, ಹೊಸ ಹಕ್ಕಳೆ ಎದ್ದು ದೋಸೆಗೆ ಅಂಟುತ್ತದೆ.

ಆದರೆ ಮರುದಿನ ಎಮ್‌ಐಡಿಸಿಯ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯ ಪೂಜೆಗೆ ಮುನ್ನೂರು ಮಸಾಲೆದೋಸೆ ಕೊಡಬೇಕಿತ್ತು. ದೋಸೆ ಮಾಡುವ ಬದಲಿ ಆಳು ಊರಿಗೆ ಹೋಗಿದ್ದ. ಎಂತ ಹೇಳಿದ್ರು ಎಂದು ಅಣ್ಣ ಕೇಳಿದಾಗ, ಅರ್ಧಕ್ಕಿಂತ ಕಡಿಮೆಯಂತೆ, ದೊಡ್ಡ ಆಸ್ಪತ್ರೆಗೆ ನಾಡಿದ್ದು ಹೋದರಾಯಿತು ಎಂದೆ. ಆ ಮಹಾರಾಯ ಸಂಜೆ ಗಿರಾಕಿಗಳಿಗೆಲ್ಲ ಅದನ್ನೇ ಹೇಳಿಕೊಂಡು ನಕ್ಕ.

ಮರುದಿನ ನೂರು ದೋಸೆ ಮುಗಿಯುವಷ್ಟರಲ್ಲಿ ಸೌಟು ಮತ್ತೆ ಬಿತ್ತು. ಈ ಸಲ ಕೈ ಮೊದಲಿನಂತಾಗಲಿಲ್ಲ.

ಈಗ ಅವನು ಒಂದೊಂದೇ ಮಾತು ಹೆಕ್ಕಿ ಆಡುತ್ತಾನೆ. ಆ ನಾಲ್ಕು ಮಾತಿನಲ್ಲೂ, ನೋಡಲು ಬಂದವರೆದುರು, ತಮ್ಮನೇ ಮೂರು ಸಲ ಠಾಣೆಗೆ ಕರೆದುಕೊಂಡು ಹೋದ ಎಂದು ನನ್ನನ್ನು ಹೊಗಳುತ್ತಿದ್ದ. ಕೇಳಿ ಕೇಳಿ ಮೈ ಉರಿಯುತ್ತಿತ್ತು. ಬೈಯಬಾರದೇ ಇವನು? ಒಂದು ದಿನ ಗಂಜಿ ಉಣಿಸುವಾಗ ಮತ್ತೆ ಅದೇ ಶುರು ಮಾಡಿದ. ನಾನು ಚಮಚ ಕೆಳಗಿಟ್ಟೆ.

“ಸಾಕು ಮಾಡು ಅಣ್ಣ. ಅವತ್ತೇ ಆಸ್ಪತ್ರೆಗೆ ಹೋಗಿ ಅಂದಿದ್ರು ಡಾಕ್ಟರ್. ನಾನೇ ನಿಂಗೆ ಹೇಳ್ಲಿಲ್ಲ, ಮುನ್ನೂರು ದೋಸೆ ಆಗ್ಬೇಕಿತ್ತು ನಂಗೆ. ತಪ್ಪಾಯ್ತು ಅಣ್ಣ, ನಂದೇ ತಪ್ಪು.”