ರಾಹುಕಾಲಕ್ಕೆ ಮೊದಲು ಬರೆಸಿದ ಮಾತು

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಪ್ ಗೆದ್ದವನು ಅಂತಲೇ ರಾಜಾಜಿನಗರದ ಒಂದು ಬಿಡಿಭಾಗಗಳ ಕಾರ್ಖಾನೆಯವರು ನನ್ನನ್ನು ತಗೊಂಡಿದ್ದರು. ಮ್ಯಾನೇಜರ್ ಕೆಲಸಗಾರರ ಮುಂದೆ ಏನು ಮಾತಾಡಬೇಕೋ ಅದನ್ನು ಬರೆದುಕೊಡುವುದು ನನ್ನ ಕೆಲಸ.

ಆ ಶುಕ್ರವಾರ ಹೊಸ ಮೆಷಿನ್ನಿಗೆ ಪೂಜೆ. ಎರಕದ ಉಂಗುರಗಳಲ್ಲಿ ಬಿರುಕಿದೆಯೇ ಅಂತ ಕ್ಯಾಮೆರಾದಲ್ಲಿ ನೋಡಿ ಹೇಳುವ ಮೆಷಿನ್ ಅದು. ಅಲ್ಲಿಯವರೆಗೆ ಎಂಟು ಹೆಂಗಸರು ಒಂದೊಂದು ಉಂಗುರವನ್ನೂ ಕಬ್ಬಿಣದ ಮೇಜಿಗೆ ತಟ್ಟಿ, ಸದ್ದು ಕೇಳಿಯೇ ಒಡಕನ್ನು ಪಕ್ಕಕ್ಕಿಡುತ್ತಿದ್ದರು.

ಮ್ಯಾನೇಜರ್ ನನ್ನ ಹಾಳೆ ನೋಡಿಕೊಂಡು ಓದಿದರು: "ಈ ಮೆಷಿನ್ ನಿಮ್ಮ ಜಾಗಕ್ಕೆ ಬಂದಿಲ್ಲ, ನಿಮ್ಮ ಜೊತೆಗೆ ಬಂದಿದೆ. ನಾವೆಲ್ಲ ಒಂದೇ ಕುಟುಂಬ." ಚಪ್ಪಾಳೆ ಬಿತ್ತು. ಆ ಮಾತಿಗೆ ಒಂದು ಪುರಾವೆಯೂ ಇರಲಿಲ್ಲ. ಸ್ಪರ್ಧೆಯಲ್ಲಿ ಎದುರು ತಂಡದವರು ಹೇಳಿದ್ದರೆ ಅರ್ಧ ನಿಮಿಷದಲ್ಲಿ ಚಿಂದಿ ಮಾಡುತ್ತಿದ್ದೆ.

ನಮ್ಮಲ್ಲಿ ಹೊಸ ಮೆಷಿನ್ನಿಗೆ ಮೊದಲ ಆರತಿ ಆ ವಿಭಾಗದ ಹಿರಿಯರದ್ದು. ಆ ಎಂಟು ಜನರಲ್ಲಿ ಹಿರಿಯಳಾದ, ಹೊಸಹಳ್ಳಿಯಿಂದ ಬರುವ ಅಕ್ಕನ ಕೈಗೆ ತಟ್ಟೆ ಕೊಟ್ಟರು. ಅಕ್ಕ ಕರ್ಪೂರ ಹಚ್ಚಲಿಲ್ಲ.

"ಸಾರ್, ನಮ್ಮೆಂಟು ಜನಕ್ಕೂ ಕೆಲಸ ಇರತ್ತಾ?"

"ಈಗ ತಾನೇ ಹೇಳಿದ್ನಲ್ಲಮ್ಮಾ, ನಾವೆಲ್ಲ ಕುಟುಂಬ ಅಂತ."

"ಮನೆಯೋರ ಹತ್ರ ಯಾರಾದ್ರೂ ಆರಾರು ತಿಂಗಳ ಕಾಂಟ್ರಾಕ್ಟ್‌ಗೆ ಸೈನ್ ಹಾಕಿಸ್ಕೋತಾರಾ ಸಾರ್?"

ಹಿಂದೆ ಯಾರೋ ಕಿಸಕ್ಕೆಂದರು. ಇಷ್ಟು ವರ್ಷ ವೇದಿಕೆ ಹತ್ತಿದ್ದೇನೆ, ಹೀಗೊಂದು ಪ್ರಶ್ನೆ ನನಗೆ ಹೊಳೆದದ್ದಿಲ್ಲ.

ಪೂಜಾರಿಗಳು ವಾಚು ನೋಡಿದರು. "ಹತ್ತೂವರೆಗೆ ರಾಹುಕಾಲ. ಬೇಗ ಮುಗಿಸಿಬಿಡಿ."

ಮ್ಯಾನೇಜರ್ ನನ್ನ ಮುಖ ನೋಡಿದರು. ನನ್ನ ತಲೆಯಲ್ಲಿ ಉತ್ತರ ಮೂರಿದ್ದವು, ಒಂದೂ ನಿಜವಾಗಿರಲಿಲ್ಲ. ಇಲ್ಲವೆಂದು ತಲೆಯಲ್ಲಾಡಿಸಿದೆ.

"ಒಂದು ವರ್ಷ ಯಾರನ್ನೂ ತೆಗೆಯಲ್ಲಮ್ಮ," ಅಂದರು ಅವರು ಕೊನೆಗೆ. "ಆಮೇಲಿಂದು ನಂಗೂ ಗೊತ್ತಿಲ್ಲ."

"ಅದನ್ನೇ ಬರ್ದು ಸೈನ್ ಹಾಕಿ. ಗೊತ್ತಿಲ್ಲ ಅನ್ನೋದೂ ಇರ್ಲಿ. ಮೆಷಿನ್ ನಡೆಸೋದು ನಮಗೆ ಕಲಿಸ್ತೀವಿ ಅಂತಾನೂ ಸೇರ್ಸಿ."

ಬೇರೆ ಕಾಗದ ಹುಡುಕಲು ಹೊತ್ತಿರಲಿಲ್ಲ. ನನ್ನ ಭಾಷಣದ ಹಾಳೆಯ ಹಿಂಬದಿಗೇ ಮ್ಯಾನೇಜರ್ ಬರೆದು ಸಹಿ ಹಾಕಿದರು. ಅಕ್ಕ ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದಳು, ಉಳಿದ ಏಳು ಜನರ ಮುಖ ನೋಡಿದಳು, ಆಮೇಲೆ ಕರ್ಪೂರ ಹಚ್ಚಿದಳು. ಹತ್ತೂವರೆಗೆ ಇನ್ನೆರಡೇ ನಿಮಿಷ.

ಆರತಿ ತಟ್ಟೆ ನನ್ನ ಹತ್ತಿರ ತಂದು ಅಕ್ಕ ಅಂದಳು: "ತಗೋಪ್ಪ. ಚೆನ್ನಾಗೇ ಬರೀತೀಯ. ಮುಂದಿನ ಸಲ ನಮ್ಮನ್ನೂ ಒಂದು ಮಾತು ಕೇಳು."

ಆ ಹಾಳೆ ನೋಟಿಸ್ ಬೋರ್ಡಿನಲ್ಲಿ ಈಗಲೂ ಇದೆ. ನಾನು ಬರೆದ ಬದಿ ಗೋಡೆಯ ಕಡೆಗೆ.